ಅರಿಸಿನದ ಡಬ್ಬಿಯ ಸಿಂಗಳೀಕ

ಅಂಟುವಾಳದ ನೊರೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಶಿರಸಿಯ ಆ ಚಿನ್ನದ ಕೆಲಸದ ಶೇಟರ ಅಂಗಡಿ ನೆನಪಾಗುತ್ತದೆ.

ಅಮ್ಮ ತೀರಿಕೊಂಡ ಮರುವರ್ಷ, ನನಗೆ ಓಲೆ ಮಾಡಿಸಲು ಅಜ್ಜಿ ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಕರಗಿಸಲೆಂದು ತಂದದ್ದು ಉಗುರಿನಗಲದ ಒಂದು ಚಿನ್ನದ ನಾಣ್ಯ. ಅಳಿದುಹೋಗುತ್ತಿರುವ ಕಾಡುಪ್ರಾಣಿಗಳ ಚಿತ್ರವಿದ್ದ ನಾಣ್ಯಗಳಲ್ಲಿ ಒಂದನ್ನು, ನಾನು ಹುಟ್ಟಿದ ಖುಷಿಗೆ ಅಮ್ಮ ಆರಿಸಿ ತಂದಿದ್ದಳಂತೆ. ಊರೆಲ್ಲ ಲಕ್ಷ್ಮಿಯ ನಾಣ್ಯ ತಂದರೆ ಇವಳು ಸಿಂಗಳೀಕ ತಂದಳಲ್ಲ ಎಂದು ಅಜ್ಜಿಗೆ ಸಿಟ್ಟು. ದೀಪಾವಳಿಯ ಪೂಜೆಗೆ ಅದನ್ನು ಒಮ್ಮೆಯೂ ಇಟ್ಟವಳಲ್ಲ. ಅರಿಸಿನದ ಡಬ್ಬಿಯ ತಳದಲ್ಲಿ ಬಿದ್ದು, ಅರಿಸಿನ ಮೆತ್ತಿ ಚಿತ್ರವೇ ಕಾಣುತ್ತಿರಲಿಲ್ಲ.

ಶೇಟರು ಅದನ್ನು ಅಂಟುವಾಳದ ನೀರಿನಲ್ಲಿ ಅದ್ದಿ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿದರು. ಮೊದಲು ಮುಖದ ಸುತ್ತಲಿನ ಕೇಸರ ಕಂಡಿತು, ಆಮೇಲೆ ಹೊಟ್ಟೆಗೆ ಅವಚಿಕೊಂಡ ಮರಿ.

ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು.

“ಶೇಟ್ರೇ, ಇದನ್ನ ಕರಗ್ಸದು ಬ್ಯಾಡ.”

“ಮತ್ತೆ ಹುಡುಗಿ ಓಲೆ?”

ಅಜ್ಜಿ ತನ್ನ ಬೆಂಡೋಲೆಗಳನ್ನು ಬಿಚ್ಚಿ ಮಣೆಯ ಮೇಲಿಟ್ಟಳು. “ಇದ್ರಲ್ಲೇ ಮಾಡಿ. ಕೆಂಪು ಹರಳು ಹಾಕಿ, ಕೂಸಿಗೆ ಅದೇ ಬೇಕಡ.”

ಮನೆಗೆ ಬಂದವಳೇ ತೂತು ಮುಚ್ಚದಿರಲೆಂದು ಪೊರಕೆಯಿಂದ ಕಡ್ಡಿ ಮುರಿದು ಕಿವಿಗೆ ಸಿಕ್ಕಿಸಿಕೊಂಡಳು. ನಾನು ನಕ್ಕೆ. ಅವಳು ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟು, “ಮರಿ ಹೆಂಗೆ ಹಿಡ್ಕಂಡಿದ್ದು ನೋಡು ಕೂಸೇ” ಎಂದಳು.

ಆ ದೀಪಾವಳಿಗೆ ಸಿಂಗಳೀಕ ಲಕ್ಷ್ಮಿಯ ಪಕ್ಕದಲ್ಲಿ ಕೂತಿತು. ಅಜ್ಜಿ ಬಗ್ಗಿ ನಾಣ್ಯದ ಮೇಲಿನ ತಾಯಿಯ ಹಣೆಗೆ ಕುಂಕುಮವಿಟ್ಟಳು. ನನ್ನ ಕಿವಿಯಲ್ಲಿ ಕೆಂಪು ಹರಳಿತ್ತು. ಅವಳ ಕಿವಿಯಲ್ಲಿ ಇನ್ನೂ ಅದೇ ಕಡ್ಡಿ.