ಎಣ್ಣೆ ತೇಲುವವರೆಗೆ

ಎಲ್ಲಾದರೂ ಹರಳೆಣ್ಣೆ ಕಾಯಿಸುವ ವಾಸನೆ ಬಂದರೆ ನನಗೆ ಈಗಲೂ ಇಂಗ್ಲಿಷ್ ಪರೀಕ್ಷೆಯ ನೆನಪಾಗುತ್ತದೆ.

ಆಗ ಹಳೇಕೋಟೆಯಲ್ಲಿ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ಇಂಗ್ಲಿಷಿನಲ್ಲಿ ಫೇಲಾದರೆ ಸ್ಕೂಲು ಬಿಡಿಸುತ್ತೇನೆ ಎಂದು ಅಪ್ಪ ಹೇಳಿಬಿಟ್ಟಿದ್ದ. ಓದಲು ಕೂತಾಗಲೆಲ್ಲ ಹೊಲಕ್ಕೆ ಕರೆಯುತ್ತಿದ್ದವನೂ ಅವನೇ.

ಪರೀಕ್ಷೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅವ್ವ ಹರಳು ಹುರಿದು, ಕುಟ್ಟಿ, ಕುದಿಯುವ ನೀರಿಗೆ ಹಾಕಿ ನನ್ನನ್ನು ಒಲೆ ಮುಂದೆ ಕೂರಿಸಿದಳು. ಎಣ್ಣೆ ತೇಲುವವರೆಗೆ ಅಲ್ಲಿ ಕೂತವರು ಏಳಬಾರದು, ಎದ್ದರೆ ಎಣ್ಣೆ ಕೆಡುತ್ತದೆ ಎಂಬುದು ನಮ್ಮ ಮನೆಯ ನೇಮ. ನಾನು ಇದ್ದಿಲು ಹಿಡಿದು ಸಗಣಿ ಸಾರಿಸಿದ ನೆಲದ ಮೇಲೆ ‘ಮೈ ಮದರ್ ಫ್ರೈಸ್ ದಿ ಸೀಡ್ಸ್’ ಎಂದು ಬರೆದೆ. ಮುಂದೆ ತೋಚಲಿಲ್ಲ.

“ಯಾಕ್ ನಿಲ್ಲಿಸ್ಬುಟ್ಟೆ?” ಎಂದಳು ಅವ್ವ.

“ನೀನ್ ಉರುದಿದ್ದ ಬರ್ದೆ. ಆಮೇಲೇನ್ ಬರೀಬೇಕೋ ಗೊತ್ತಾಯ್ತಿಲ್ಲ ಕಣವ್ವಾ.”

“ಉರುದ್‌ಮ್ಯಾಲೆ ನಾನೇನ್ ಮಾಡ್ದೆ? ಕುಟ್ಟಲಿಲ್ವಾ? ಅದ್ನೇ ಬರಿ.”

ಹಾಗೇ ಒಂದರ ಹಿಂದೆ ಒಂದು ಬರೆದೆ. ಮನೆಯ ಯಾವುದಾದರೊಂದು ಕೆಲಸದ ಬಗ್ಗೆ ಬರೆಯಿರಿ ಎಂದು ಮೇಷ್ಟ್ರು ಕೇಳಿದ್ದ ಪ್ಯಾರಾಗ್ರಾಫು ಅದರಲ್ಲೇ ಆಯಿತು.

ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದು ನನ್ನನ್ನು ಕರೆದ. “ಲೇ ಅಮ್ಮಿ, ಗೊಬ್ಬರ ಒರಕ್ಕೆ ಬಾರೇ!”

“ಅವ್ಳು ಎದ್ರೆ ಎಣ್ಣೆ ಕೆಟ್ಟೋಯ್ತದೆ,” ಎಂದಳು ಅವ್ವ. “ಆಮೇಲೆ ನಿಮ್ ತಲೆಗೇನ್ ತಿಕ್ಲಿ, ಬೂದಿಯಾ?”

ಅಪ್ಪ ಗೊಣಗುತ್ತ ಒಬ್ಬನೇ ಹೋದ. ನೋಡಿದರೆ ಎಣ್ಣೆ ಆಗಲೇ ತೇಲಿತ್ತು. ಅವ್ವ ಒಲೆಗೆ ಇನ್ನೊಂದು ಸೌದೆ ಒಟ್ಟಿ, “ಅಳಿಸಿ ಇನ್ನೊಂದ್ಸಲ ಬರಿ,” ಎಂದಳು.

ಪರೀಕ್ಷೆ ಮುಗಿಯುವವರೆಗೂ ನಮ್ಮ ಒಲೆಯ ಮೇಲೆ ಹರಳು ಕುದಿಯುತ್ತಲೇ ಇತ್ತು. ನಾನು ಪಾಸಾದೆ. ಆ ವರ್ಷ ಕೇರಿಯವರೆಲ್ಲ ತಲೆಗೆ ಹಚ್ಚಿಕೊಂಡಿದ್ದು ನಮ್ಮ ಮನೆಯ ಎಣ್ಣೆಯನ್ನೇ.