ಪ್ರಯಾಣದ ಅಮೀರ್

ಶಗುಫ್ತಾ ಮಾತಿಲ್ಲದೆ ಬಾಟಲಿಗಳಿಗೆ ನೀರು ತುಂಬುತ್ತಿದ್ದಳು...

ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಅಂದು ಎಲ್ಲರೂ ಗದಗದಿಂದ ವಿಜಯಪುರಕ್ಕೆ, ಸಂಬಂಧಿಕರ ನಿಕಾಹ್‌ಗೆ ಹೊರಟಿದ್ದರು.

ದೂರದ ಪ್ರಯಾಣಕ್ಕೆ ಒಬ್ಬರನ್ನು ಅಮೀರ್, ಅಂದರೆ ಮುಖಂಡ, ಎಂದು ಆರಿಸುವುದು ಅವರ ಪದ್ಧತಿ. ಉಳಿದವರು ಅವರ ಮಾತು ಕೇಳಬೇಕು.

"ನಾನ ಅಮೀರ್," ಎಂದರು ಮಾವ ಬಷೀರುದ್ದೀನ್. ಯಾರನ್ನೂ ಕೇಳಲಿಲ್ಲ.

ಅವರ ತಾಯಿಯ ತಂಗಿ ಮಹಬೂಬಿ ಖಾಲಾ ನಕ್ಕರು. "ಅಮೀರ್ ಅಂದ್ರ ಮುಂದಿನ ಸೀಟು ಹಿಡಿಯೂದಲ್ಲಪಾ..."

ಎಲ್ಲರೂ ನಕ್ಕರು. ಬಷೀರುದ್ದೀನ್ ನಗಲಿಲ್ಲ. "ಇನ್ನ ಯಾರೂ ಎದುರು ಮಾತಾಡಬ್ಯಾಡ್ರಿ."

ಕಾರಿನಲ್ಲಿ ಡ್ರೈವರ್ ಪಕ್ಕ ಬಷೀರುದ್ದೀನ್, ನಡುವಿನ ಸೀಟಿನಲ್ಲಿ ಅವರ ಮಗ, ಅಂದರೆ ಶಗುಫ್ತಾಳ ಗಂಡ; ಕೊನೆಯ ಸೀಟಿನಲ್ಲಿ ಖಾಲಾ ಮತ್ತು ಶಗುಫ್ತಾ ಇಬ್ಬರೇ...

ಮಧ್ಯಾಹ್ನ ದಾರಿಯ ಮಸೀದಿಯೊಂದರಲ್ಲಿ ನಮಾಜ್‌ಗೆ ಇಳಿದರು. ಖಾಲಾಗೆ ಮೊಣಕಾಲು ನೋವು. ಉಳಿದವರೆಲ್ಲ ಕಾರು ಹತ್ತಿದಾಗಲೂ, ಹೆಂಗಸರ ಕಡೆ, ಪರದೆಯ ಹಿಂದೆ, ಅವರಿನ್ನೂ ನಮಾಜ್‌ನಲ್ಲಿದ್ದರು.

"ಎಲ್ಲಾರೂ ಬಂದ್ರಿಲ್ಲೋ?" ಬಷೀರುದ್ದೀನ್ ಹಿಂದೆ ತಿರುಗದೆ ಕೇಳಿದರು.

"ಅಬ್ಬಾ..." ಎಂದು ಮಾವನನ್ನು ಕರೆದಳು ಶಗುಫ್ತಾ.

"ಸಾಕು, ತಡ ಆಗೇದ. ನಡಿಯಪಾ."

ಕಾರು ಹೊರಟಿತು...

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಶಗುಫ್ತಾ ಬಿಕ್ಕಿ ಅಳುವ ಸದ್ದು. ಬಷೀರುದ್ದೀನ್ ತಿರುಗಿ ನೋಡಿದರು. ಖಾಲಾ ಇರಲಿಲ್ಲ.

"ಮೊದಲ ಯಾಕ ಹೇಳಲಿಲ್ಲವಾ?"

"ಹೇಳಾಕ ಬಂದೆರಿ ಅಬ್ಬಾ... ನೀವು ಬೈತೀರಿ ಅಂತ ಹೆದರಿಕಿ ಆತು."

ಕಾರು ವಾಪಸ್ ಬಂದಾಗ ಖಾಲಾ ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದರು. ತುಟಿ ಒಣಗಿತ್ತು.

ಮಗ ಡ್ರೈವರ್ ಮೇಲೆ ರೇಗಿದ. "ನೀನರ ಒಮ್ಮೆ ತಿರುಗಿ ನೋಡಬಾರದೇನು?"

ಬಷೀರುದ್ದೀನ್ ಮಗನ ಕೈ ಹಿಡಿದರು. "ಅವಂದೇನೂ ತಪ್ಪಿಲ್ಲ. ಅಮೀರ್ ನಾನು. ನಾಳೆ ಅಲ್ಲಾಹನ ಮುಂದ ನಿಂತು ಜವಾಬು ಕೊಡೂದೂ ನಾನ."

ಅವರು ಖಾಲಾರ ಕಾಲ ಬಳಿ ಕುಳಿತು, ಆದದ್ದನ್ನೆಲ್ಲ ಹೇಳಿ, "ಮಾಫ್ ಮಾಡ್ರಿ" ಎಂದರು.

ಖಾಲಾ ಅವರ ತಲೆ ಸವರಿದರು.

"ನನ್ನ ಬಿಟ್ಟು ಹೋಗಿದ್ದಕ್ಕ ನನಗ ಬ್ಯಾಸರ ಇಲ್ಲಪಾ. ಮನೀಗೆ ಬಂದ ಹುಡುಗಿ ನಿನಗ ಇಷ್ಟು ಹೆದರ್ತದಲ್ಲ... ಅದಕ್ಕ ಅಳು ಬರ್ತದ."

ಬಷೀರುದ್ದೀನ್ ಕಣ್ಣು ತುಂಬಿ ಬಂತು...

ಎದ್ದು ನಿಂತು ಮಗನನ್ನು, ಡ್ರೈವರ್‌ನನ್ನು, ಸೊಸೆಯನ್ನು ಒಬ್ಬೊಬ್ಬರನ್ನೇ ನೋಡಿದರು.

"ಇನ್ನ ಮ್ಯಾಲ ನಾ ತಪ್ಪಿದ್ರ... ನನಗ ಹೇಳ್ರಿ."

ಶಗುಫ್ತಾ ನೀರಿನ ಬಾಟಲಿ ತಂದು ಖಾಲಾ ಕೈಗೆ ಕೊಟ್ಟಳು.

*

ಹೆದರಿಸಿ ಮುನ್ನಡೆಸುವವನಿಗೆ, ಹಿಂದೆ ಉಳಿದವರ ಸುದ್ದಿ ಮುಟ್ಟುವುದೇ ಇಲ್ಲ.

ನಿಮ್ಮ ತಪ್ಪನ್ನು ನಿಮಗೆ ಹೇಳುವ ಧೈರ್ಯ, ನಿಮ್ಮ ಮನೆಯಲ್ಲಿ ಯಾರಿಗಿದೆ...?