ಅಕ್ಕನ ಮರೆವು

ಅಕ್ಕನ ಮಗಳ ಮದುವೆಯಲ್ಲಿ ಸಾರು ಸಪ್ಪೆಯೆಂದು ಇಂದುಮತಿ ನಾಲ್ಕು ಜನರೆದುರು ಹೇಳಿಬಿಟ್ಟಿದ್ದಳು. ಅಂದು ಮಾತು ಬಿಟ್ಟ ಅಕ್ಕ ವನಮಾಲಾ, ಎಷ್ಟೋ ವರ್ಷಗಳ ಮೇಲೆ, ಕಳೆದ ತಿಂಗಳು ತಾನಾಗಿಯೇ ಫೋನ್ ಮಾಡಿದಳು.

"ಯಾಕೇ ಇಂದೂ, ಮನೆ ಕಡೆ ಬರೋದೇ ಬಿಟ್ಟೆಯಲ್ಲ?"

ಇಂದುಮತಿ ಓಡಿಹೋದಳು. ಅಕ್ಕ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು. ಆಗತಾನೇ ಕುಡಿದ ಕಾಫಿಯನ್ನು ಕುಡಿದೇ ಇಲ್ಲ ಎನ್ನುತ್ತಿದ್ದಳು. ಜಗಳವೂ ಆ ಮರೆವಿನಲ್ಲೇ ಹೋಗಿರಬೇಕು ಅಂದುಕೊಂಡ ಇಂದುಮತಿಗೆ ಸಂಕಟವಾಯಿತು, ಒಳಗೊಳಗೇ ನೆಮ್ಮದಿಯೂ ಆಯಿತು. ಆಸ್ಪತ್ರೆಗೆ ತಾನೇ ಕರೆದುಕೊಂಡು ಹೋದಳು.

ಸ್ಕ್ಯಾನ್ ನೋಡುತ್ತಿದ್ದ ಡಾಕ್ಟರನ್ನು ಮೆಲ್ಲಗೆ ಕೇಳಿದಳು: "ಮರೆತಿದ್ದು ಮತ್ತೆ ನೆನಪಾಗುತ್ತಾ ಡಾಕ್ಟ್ರೇ? ಆಗದಿದ್ರೂ ಪರವಾಗಿಲ್ಲ."

"ಮೆದುಳಿನ ಭಾಗಗಳ ನಡುವಿನ ಸಂಪರ್ಕ ಅಲ್ಲಲ್ಲಿ ಸಡಿಲ ಆಗಿದೆಯಮ್ಮ. ನಿನ್ನೆ ಮೊನ್ನೆಯದು ಸ್ವಲ್ಪ ಜಾರುತ್ತೆ. ಆದ್ರೆ ಹಳೇದೆಲ್ಲ ಭದ್ರವಾಗಿದೆ. ಮಗಳ ಮದುವೆ ವಿಷಯ ಕೇಳಿದೆ, ಒಂದೂ ಬಿಡದೆ ಹೇಳಿದ್ರು."

ಇಂದುಮತಿ ನಿಧಾನವಾಗಿ ಅಕ್ಕನತ್ತ ತಿರುಗಿದಳು. ವನಮಾಲಾ ಸೆರಗು ಸರಿಮಾಡಿಕೊಂಡು ಎದ್ದಳು.

"ಸೋತು ಫೋನ್ ಮಾಡಿದೆ ಅನ್ನೋಕೆ ನಾಚಿಕೆ ಆಯ್ತು ಕಣೇ, ಅದಕ್ಕೇ ಜಗಳ ಮರೆತವಳ ಹಾಗಿದ್ದೆ."